ದೊಡ್ಡ ಮರ, ಬಡ ಮಣ್ಣು

1920ರ ದಶಕದಲ್ಲಿ ಇಂಗ್ಲೆಂಡಿನಿಂದ ಹಡಗು ಹತ್ತಿದ ಸಾವಿರಾರು ಕುಟುಂಬಗಳು ಪಶ್ಚಿಮ ಆಸ್ಟ್ರೇಲಿಯಾದ ನೈಋತ್ಯ ಮೂಲೆಗೆ ಬಂದವು. ಕಾಡು ಕಡಿದು, ಹುಲ್ಲು ಬೆಳೆದು, ಹಸು ಕಟ್ಟಿ, ಬೆಣ್ಣೆ ಮಾರಿ ಬದುಕುವುದು ಅವರ ಮುಂದಿದ್ದ ಲೆಕ್ಕ. ಹತ್ತು ಹದಿನೈದು ವರ್ಷದೊಳಗೆ ಅವರಲ್ಲಿ ಬಹಳಷ್ಟು ಜನ ಜಮೀನು ಬಿಟ್ಟು ಹೊರಟುಹೋದರು. ಇದನ್ನು ಹೇಳುವವರು ಸಾಮಾನ್ಯವಾಗಿ ಒಂದು ಸುಲಭದ ಕಾರಣ ಕೊಟ್ಟು ಮುಗಿಸುತ್ತಾರೆ: ಬಂದವರು ಪೇಟೆಯವರು, ಕೊಡಲಿ ಹಿಡಿದು ಗೊತ್ತಿಲ್ಲದವರು, ಕಷ್ಟಕ್ಕೆ ಒಗ್ಗದವರು, ಅದಕ್ಕೇ ಸೋತರು.

ನನಗೆ ಈ ಮಾತು ಅನ್ಯಾಯದ್ದಾಗಿ ಕಾಣುತ್ತದೆ. ಆ ಕುಟುಂಬಗಳು ದಿನವಿಡೀ ಏನು ಮಾಡುತ್ತಿದ್ದವು, ಒಂದು ಎಕರೆ ತೆರವು ಮಾಡಲು ಏನೆಲ್ಲ ಬೇಕಿತ್ತು, ಒಂದು ಡಬ್ಬಿ ಕೆನೆಯಿಂದ ಕೈಗೆ ಎಷ್ಟು ಉಳಿಯುತ್ತಿತ್ತು, ಆ ಮಣ್ಣಿನಲ್ಲಿ ಏನಿರಲಿಲ್ಲ ಎಂಬುದನ್ನು ಒಂದೊಂದಾಗಿ ನೋಡುತ್ತ ಹೋದರೆ ತಪ್ಪು ಬೇರೆ ಕಡೆ ಸಿಗುತ್ತದೆ.

ಮೊದಲ ಮಹಾಯುದ್ಧ ಮುಗಿದಿತ್ತು. ಬ್ರಿಟನ್ನಿನಲ್ಲಿ ಸೈನ್ಯದಿಂದ ಮರಳಿದವರಿಗೆ ಕೆಲಸವಿರಲಿಲ್ಲ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಗೋಧಿ ಇತ್ತು, ಚಿನ್ನವಿತ್ತು, ಆದರೆ ಬೆಣ್ಣೆ ದೇಶದ ಪೂರ್ವ ರಾಜ್ಯಗಳಿಂದ ಬರಬೇಕಿತ್ತು. 1919ರಲ್ಲಿ ಆ ರಾಜ್ಯದ ಪ್ರೀಮಿಯರ್, ಅಂದರೆ ಸರ್ಕಾರದ ಮುಖ್ಯಸ್ಥ ಆದ ಜೇಮ್ಸ್ ಮಿಚೆಲ್‌ಗೆ ಇದೊಂದು ಕೊರಗು. ಹೈನುಗಾರಿಕೆಯ ಮಾತನ್ನೇ ಆಡುತ್ತಿದ್ದ ಆತನಿಗೆ ಜನ ‘ಮೂ-ಕೌ ಮಿಚೆಲ್’ ಎಂದು ಹೆಸರಿಟ್ಟಿದ್ದರು. ಮಳೆ ಚೆನ್ನಾಗಿ ಬೀಳುವ, ಆಕಾಶ ಮುಟ್ಟುವ ಮರಗಳಿರುವ ನೈಋತ್ಯದ ಕಾಡನ್ನು ಹೈನಿನ ಸೀಮೆ ಮಾಡುವುದು ಅವನ ಯೋಜನೆ. 1921ರಲ್ಲಿ ಮೊದಲ ಗುಂಪು ಮಂಜಿಮಪ್ ಬಳಿ ಕೆಲಸ ಶುರು ಮಾಡಿತು. ಮರುವರ್ಷ ಬ್ರಿಟಿಷ್ ಸಂಸತ್ತು ಎಂಪೈರ್ ಸೆಟ್ಲ್‌ಮೆಂಟ್ ಕಾಯಿದೆ ತಂದಿತು. 1923ರಲ್ಲಿ ಬ್ರಿಟನ್, ಆಸ್ಟ್ರೇಲಿಯಾ ಮತ್ತು ಪಶ್ಚಿಮ ಆಸ್ಟ್ರೇಲಿಯಾ ಸರ್ಕಾರಗಳ ನಡುವೆ ಒಪ್ಪಂದವಾಯಿತು: 60 ಲಕ್ಷ ಪೌಂಡು ಸಾಲ, 75,000 ವಲಸಿಗರು, 6,000 ಹೈನು ಜಮೀನುಗಳು. ಗ್ರೂಪ್ ಸೆಟ್ಲ್‌ಮೆಂಟ್ ಎಂದು ಕರೆದದ್ದು ಇದನ್ನೇ.

ಆ ಸಾಲವನ್ನು ಜಮೀನುಗಳ ಸಂಖ್ಯೆಯಿಂದ ಭಾಗಿಸಿ ನೋಡಿ. ಒಂದು ಜಮೀನಿಗೆ 1,000 ಪೌಂಡು. ಸಮುದ್ರ ದಾಟಿಸಿ ಕರೆತಂದು, ಕಾಡು ಕಡಿಸಿ, ಮನೆ ಕಟ್ಟಿಸಿ, ಬೇಲಿ ಹಾಕಿಸಿ, ಹಸು ಕೊಡಿಸಿ, ಕೆನೆ ಮಾರುವವರೆಗೆ ಒಂದು ಸಂಸಾರವನ್ನು ಸಾಕಲು ಅಷ್ಟು ಹಣ ಸಾಕೆಂದು ಲೆಕ್ಕ ಹಾಕಿದವರು ಕರ್ರಿ ಎಂಬ ಭಾರಿ ಮರಗಳ ಕಾಡಿನಲ್ಲಿ ಒಂದು ಎಕರೆಯನ್ನೂ ತೆರವು ಮಾಡಿ ನೋಡಿದವರಲ್ಲ ಎಂದೇ ನನಗನ್ನಿಸುತ್ತದೆ. ಕಡೆಗೆ ಎಷ್ಟೋ ಜಮೀನುಗಳ ಖರ್ಚು ಇದರ ಎರಡು ಪಟ್ಟನ್ನೂ ದಾಟಿತು.

ನಿಯಮ ಹೀಗಿತ್ತು. ಸುಮಾರು 20 ಕುಟುಂಬಗಳಿಗೆ ಒಂದು ಗುಂಪು, ಗುಂಪಿಗೊಂದು ನಂಬರು, ಮೇಲೊಬ್ಬ ಮೇಸ್ತ್ರಿ. ಕುಟುಂಬಕ್ಕೆ 100ರಿಂದ 160 ಎಕರೆಯಷ್ಟು ಜಾಗ. ಗುಂಪಿನ ಗಂಡಸರೆಲ್ಲ ಸೇರಿ ಪ್ರತಿ ಜಾಗದಲ್ಲಿ 25 ಎಕರೆಯಷ್ಟು ತೆರವು ಮಾಡಬೇಕು, ಆಮೇಲೆ ಚೀಟಿ ಎತ್ತಿ ಯಾರಿಗೆ ಯಾವ ಜಾಗ ಎಂದು ಹಂಚಬೇಕು. ತನ್ನ ಪಾಲಿಗೆ ಯಾವುದು ಬರುತ್ತದೋ ಗೊತ್ತಿಲ್ಲದಿದ್ದರೆ ಎಲ್ಲ ಜಾಗದಲ್ಲೂ ಸಮನಾಗಿ ದುಡಿಯುತ್ತಾರೆ ಎಂಬ ಎಣಿಕೆ. ಅಷ್ಟರಮಟ್ಟಿಗೆ ಇದು ಬುದ್ಧಿವಂತಿಕೆಯ ಏರ್ಪಾಟೇ. ಆ ಅವಧಿಯಲ್ಲಿ ದಿನಕ್ಕೆ 10 ಶಿಲ್ಲಿಂಗ್ ಕೊಡುತ್ತಿದ್ದರು. ವಾರಕ್ಕೆ ಆರು ದಿನದಂತೆ 3 ಪೌಂಡು.

ಈ 10 ಶಿಲ್ಲಿಂಗ್ ಹೆಸರಿಗೆ ಜೀವನಾಂಶ, ನೋಡುವವರಿಗೆ ಕೂಲಿ, ಪುಸ್ತಕದಲ್ಲಿ ಸಾಲ. ಕೊಟ್ಟದ್ದೆಲ್ಲ ಆ ಜಮೀನಿನ ಖಾತೆಗೇ ಬೀಳುತ್ತಿತ್ತು. ಮನೆ, ತಂತಿ, ಗೊಬ್ಬರ, ಬೀಜ, ಹಸು, ದೂರದಿಂದ ಬಂದ ಸಾಮಾನಿನ ಸಾಗಣೆ, ಎಲ್ಲವೂ ಅದೇ ಖಾತೆಗೆ. ಕೆಲಸ ನಿಧಾನವಾದಷ್ಟೂ ಸಾಲ ಬೆಳೆಯುತ್ತದೆ. ಮರ ದಪ್ಪವಿದ್ದಷ್ಟೂ ಕೆಲಸ ನಿಧಾನ. ಅಂದರೆ ಅತಿ ದೊಡ್ಡ ಮರಗಳ ಜಾಗ ಯಾರ ಚೀಟಿಗೆ ಬಂತೋ ಅವರ ತಲೆಯ ಮೇಲೆ ಅತಿ ದೊಡ್ಡ ಸಾಲ.

ಬಂದವರ ಪೈಕಿ ಗಣಿ ಕಾರ್ಮಿಕರಿದ್ದರು, ಗುಮಾಸ್ತರಿದ್ದರು, ಯುದ್ಧದಿಂದ ಮರಳಿದ ಸಿಪಾಯಿಗಳಿದ್ದರು. ಬೇಸಾಯ ಗೊತ್ತಿರಲೇಬೇಕೆಂಬ ಷರತ್ತು ಇರಲಿಲ್ಲ. ಮೇಸ್ತ್ರಿ ಕಲಿಸುತ್ತಾನೆ ಎಂದು ಹೇಳಲಾಗಿತ್ತು. ವಾರಗಟ್ಟಲೆ ಹಡಗಿನ ಪ್ರಯಾಣ ಮುಗಿಸಿ ಫ್ರೀಮ್ಯಾಂಟಲ್‌ನಲ್ಲಿ ಇಳಿದು, ಅಲ್ಲಿಂದ ರೈಲಿನಲ್ಲಿ ಮಂಜಿಮಪ್, ಬಸಲ್ಟನ್ ಅಥವಾ ಡೆನ್ಮಾರ್ಕ್ ಎಂಬ ಊರಿಗೆ. ಮುಂದೆ ಗಾಡಿ ಇಲ್ಲವೇ ಲಾರಿ, ಕೆಸರಿನ ದಾರಿ. ಲಾರ್ಡ್ ನಾರ್ತ್‌ಕ್ಲಿಫ್ ಎಂಬ ಪತ್ರಿಕಾ ಒಡೆಯನ ಹೆಸರಿನ ನಾರ್ತ್‌ಕ್ಲಿಫ್ ಊರು ಈ ಯೋಜನೆಯಿಂದಲೇ ಹುಟ್ಟಿದ್ದು. ಅಲ್ಲಿಗೆ ರೈಲುಹಳಿ ಮುಟ್ಟಿದ್ದು 1933ರಲ್ಲಿ, ಯೋಜನೆ ಹೆಚ್ಚುಕಡಿಮೆ ಮುರಿದುಬಿದ್ದ ಮೇಲೆ.

ಕಾಡಿನಲ್ಲಿ ಅವರಿಗೆ ಸಿಕ್ಕಿದ್ದು ತಗಡಿನ ಗುಡಿಸಲು. ಗೋಡೆಗೂ ಮಾಡಿಗೂ ಸುಕ್ಕುತಗಡು, ಕಾಲಡಿಗೆ ಮಣ್ಣು, ಒಳಗೆ ಕೋಣೆ ಬೇರೆ ಮಾಡಲು ಗೋಣಿತಾಟು. ಆ ಗೋಣಿಗೆ ಸುಣ್ಣದ ನೀರು ಬಳಿದರೆ ಬಿಗಿಯಾಗಿ, ಗಾಳಿ ತಡೆದು, ಒಳಗೆ ಸ್ವಲ್ಪ ಬೆಳಕೂ ಆಗುತ್ತಿತ್ತು. ಹಲಗೆಯ ಮನೆ ಬಂದದ್ದು ಆಮೇಲೆ. ಸೀಮೆಎಣ್ಣೆ ಬರುತ್ತಿದ್ದುದು ನಾಲ್ಕು ಗ್ಯಾಲನ್ ಹಿಡಿಯುವ, ಅಂದರೆ ಸುಮಾರು 18 ಲೀಟರಿನ ಚೌಕ ಡಬ್ಬಿಯಲ್ಲಿ, ಎರಡು ಡಬ್ಬಿಗೆ ಒಂದು ಮರದ ಪೆಟ್ಟಿಗೆ. ಖಾಲಿಯಾದ ಡಬ್ಬಿಯ ಬಾಯಿ ಕತ್ತರಿಸಿ ತಂತಿಯ ಹಿಡಿ ಹಾಕಿದರೆ ಕೊಡ, ಉದ್ದಕ್ಕೆ ಸೀಳಿದರೆ ಪಾತ್ರೆ ತೊಳೆಯುವ ಬಾನಿ. ಪೆಟ್ಟಿಗೆಗಳನ್ನು ಒಂದರ ಮೇಲೊಂದು ಜೋಡಿಸಿದರೆ ಕಪಾಟು.

ಬ್ರೆಡ್ಡನ್ನು ಬೇಯಿಸುತ್ತಿದ್ದುದು ಮೂರು ಕಾಲಿನ ದಪ್ಪ ಎರಕದ ಕಬ್ಬಿಣದ ಪಾತ್ರೆಯಲ್ಲಿ. ನೆಲದಲ್ಲಿ ಗುಂಡಿ ತೋಡಿ ಕೆಂಡ ಹರಡಿ, ಪಾತ್ರೆ ಇಟ್ಟು, ಮುಚ್ಚಳದ ಮೇಲೂ ಕೆಂಡ ಹಾಕಬೇಕು. ತಳಕ್ಕೆ ಕಡಿಮೆ, ಮುಚ್ಚಳಕ್ಕೆ ಹೆಚ್ಚು. ಉಲ್ಟಾ ಆದರೆ ತಳ ಸೀದು ನಡುವೆ ಹಸಿ ಹಿಟ್ಟು. ಬೇಸಿಗೆಯಲ್ಲಿ ಬೆಣ್ಣೆ, ಮಾಂಸ ಇಡಲು ಕೂಲ್ಗಾರ್ಡಿ ಸೇಫ್ ಎಂಬ ಕಪಾಟು. ಅದೇ ರಾಜ್ಯದ ಕೂಲ್ಗಾರ್ಡಿ ಚಿನ್ನದ ಗಣಿಗಳಲ್ಲಿ 1890ರ ದಶಕದಲ್ಲಿ ಹುಟ್ಟಿದ ಉಪಾಯ ಇದು. ಮರದ ಚೌಕಟ್ಟು, ನಾಲ್ಕೂ ಕಡೆ ಗೋಣಿತಾಟು, ಮೇಲೊಂದು ತಗಡಿನ ತಟ್ಟೆಯಲ್ಲಿ ನೀರು. ತಟ್ಟೆಯಿಂದ ಗೋಣಿಯ ಮೇಲೆ ಇಳಿಬಿಟ್ಟ ಫ್ಲಾನೆಲ್ ಬಟ್ಟೆಯ ಪಟ್ಟಿಗಳು ನೀರನ್ನು ಮೆಲ್ಲಗೆ ಜಿನುಗಿಸುತ್ತವೆ, ಗಾಳಿ ಆಡಿ ನೀರು ಆರುವಾಗ ಒಳಗೆ ತಂಪಾಗುತ್ತದೆ. ಇರುವೆ ಹತ್ತದಂತೆ ನಾಲ್ಕು ಕಾಲುಗಳೂ ನೀರಿನ ಡಬ್ಬಿಯೊಳಗೆ. ಗಾಳಿ ಆಡದ ಮೂಲೆಯಲ್ಲಿಟ್ಟರೆ ಏನೂ ಪ್ರಯೋಜನವಿಲ್ಲ. ಪಟ್ಟಿ ಕೊಳೆ ಹಿಡಿದರೆ ನೀರು ಇಳಿಯುವುದೇ ಇಲ್ಲ. ಇಂಗ್ಲೆಂಡಿನ ಪೇಟೆ ಮನೆಗಳಿಂದ ಬಂದ ಹೆಂಗಸರು ಇದನ್ನೆಲ್ಲ ಕೆಲವೇ ತಿಂಗಳಲ್ಲಿ ಕಲಿತರು. ಕಲಿಯದೆ ಗತಿ ಇರಲಿಲ್ಲ. ಅವರಿಗೆ ಕಷ್ಟ ಒಗ್ಗಲಿಲ್ಲ ಎನ್ನುವವರು ಈ ಅಡುಗೆಮನೆಯನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಇನ್ನು ಮರ. ಆ ಸೀಮೆಯ ಮುಖ್ಯ ಮರಗಳು ಮೂರು: ಕರ್ರಿ, ಜಾರ್ರಾ, ಮಾರ್ರಿ. ಮೂರೂ ನಮ್ಮ ನೀಲಗಿರಿ ಮರದ ಬಂಧುಗಳು. ಕರ್ರಿ ಜಗತ್ತಿನ ಅತಿ ಎತ್ತರದ ಮರಗಳಲ್ಲೊಂದು, 80 ಮೀಟರನ್ನೂ ಮೀರುತ್ತದೆ. ಬುಡದ ಅಡ್ಡಳತೆ ಎರಡು ಮೂರು ಮೀಟರ್ ಇರುವುದು ಅಪರೂಪವಲ್ಲ. ನೀಲಗಿರಿ ತೋಪು ಕಡಿಸಿದವರಿಗೆ ಗೊತ್ತಿರುವ ಒಂದು ಗುಣ ಇವಕ್ಕೂ ಇದೆ. ಕಡಿದಷ್ಟಕ್ಕೆ ಸಾಯುವುದಿಲ್ಲ. ಮೋಟಿನಿಂದ ಚಿಗುರು ನುಗ್ಗುತ್ತದೆ.

ತೆರವಿನ ಕೆಲಸಕ್ಕೆ ಒಂದು ಕ್ರಮವಿತ್ತು. ಮೊದಲು ಕೆಳಗಿನ ಪೊದೆ, ಜರಿಗಿಡ, ಸಣ್ಣ ಮರಗಳನ್ನು ನೆಲಮಟ್ಟಕ್ಕೆ ಸವರಬೇಕು. ಮೊಣಕಾಲೆತ್ತರ ಕೂಳೆ ಬಿಟ್ಟರೆ ಆಮೇಲೆ ನೇಗಿಲೂ ಹೋಗದು, ಹಸುವಿನ ಕಾಲೂ ಉಳಿಯದು. ಸವರಿದ್ದು ಬೇಸಿಗೆಯಲ್ಲಿ ಚೆನ್ನಾಗಿ ಒಣಗಲಿ ಎಂದು ಬಿಡಬೇಕು. ಅದೇ ಹೊತ್ತಿನಲ್ಲಿ ದೊಡ್ಡ ಮರಗಳ ತೊಗಟೆಯನ್ನು ಸುತ್ತಲೂ ಕೆತ್ತಬೇಕು. ಸೊಂಟದೆತ್ತರದಲ್ಲಿ ತೊಗಟೆಯನ್ನೂ ಅದರ ಒಳಗಿನ ಬಿಳಿ ಮರವನ್ನೂ ದಾಟಿ ಒಂದು ಸುತ್ತು ಪೂರ್ತಿ ಕಚ್ಚು ಹಾಕುವುದು. ಒಂದು ಅಂಗುಲ ತೊಗಟೆ ಬಿಟ್ಟರೂ ಮರ ಬದುಕಿಬಿಡುತ್ತದೆ. ಸರಿಯಾಗಿ ಕೆತ್ತಿದರೂ ಕಚ್ಚಿನ ಕೆಳಗಿನಿಂದ ಚಿಗುರು ಬರುತ್ತದೆ. ಅದನ್ನು ವರ್ಷ ವರ್ಷವೂ ಸವರುತ್ತ ಬೇರಿನ ಬಲ ತೀರುವವರೆಗೆ ಕಾಯಬೇಕು.

ಹೀಗೆ ಸತ್ತ ಮರ ನಿಂತೇ ಒಣಗುತ್ತದೆ. ಹಸಿ ಕರ್ರಿಗೆ ಬೆಂಕಿ ಹತ್ತುವುದಿಲ್ಲ, ಒಣಗಿದರೆ ಹತ್ತುತ್ತದೆ. ಆದರೆ ಒಣಗಿದ ಮರದ ಕೊಂಬೆ ಗಾಳಿಯಿಲ್ಲದ ದಿನವೂ ಮುರಿದು ಬೀಳುತ್ತದೆ. 50 ಮೀಟರ್ ಮೇಲಿನಿಂದ ಬೀಳುವ ಕೊಂಬೆ ಬೇಲಿ ಮುರಿಯುತ್ತದೆ, ಹಸು ಕೊಲ್ಲುತ್ತದೆ, ಕೆಳಗೆ ನಿಂತ ಮನುಷ್ಯನನ್ನೂ ಬಿಡುವುದಿಲ್ಲ. ಹಾಗಾಗಿ ಮನೆ, ಕೊಟ್ಟಿಗೆ, ದಾರಿಯ ಪಕ್ಕದ ಮರಗಳನ್ನಾದರೂ ಪೂರ್ತಿ ಉರುಳಿಸಲೇಬೇಕಿತ್ತು. ಬುಡ ಅಗಲವಾಗಿ ಹರಡಿದ್ದರೆ ಕಾಂಡದಲ್ಲಿ ಕಚ್ಚು ತೋಡಿ ಹಲಗೆ ಸಿಕ್ಕಿಸಿ, ಆ ಹಲಗೆಯ ಮೇಲೆ ನಿಂತು ಕೊಡಲಿಯಿಂದ ಬೀಳುವ ದಿಕ್ಕಿಗೆ ಬಾಯಿ ತೆಗೆದು, ಎದುರು ಕಡೆಯಿಂದ ಇಬ್ಬರು ಎಳೆಯುವ ಗರಗಸ ಹಾಕಬೇಕು. ಗರಗಸ ಕಚ್ಚಿಕೊಳ್ಳದಂತೆ ಹಿಂದಿನಿಂದ ಬೆಣೆ ಹೊಡೆಯುತ್ತ ಹೋಗಬೇಕು. ಒಳಗೆ ಪೊಳ್ಳಿದ್ದರೆ ಮರ ಎತ್ತ ಬೀಳುತ್ತದೆಂದು ಹೇಳಲು ಬರುವುದಿಲ್ಲ.

ಉರುಳಿಸಿದ ಮೇಲೆ ಮೋಟು ಉಳಿಯುತ್ತದೆ. ಅದನ್ನು ತೆಗೆಯಲು ಪಿಕಾಸಿ, ಹಾರೆ, ವಿಕ್ಟೋರಿಯಾದ ಟ್ರೆಂಥಮ್ ಊರಿನ ಟ್ರೆವೆಲ್ಲಾ ಕಂಪನಿಯ ಕೈಜ್ಯಾಕು, ಕಡೆಗೆ ಜೆಲಿಗ್ನೈಟ್ ಎಂಬ ಸಿಡಿಮದ್ದು. ಬೈರಿಗೆಯಿಂದ ಮೋಟಿನ ನಡುಭಾಗದ ಅಡಿಗೆ ಓರೆಯಾಗಿ ತೂತು ಕೊರೆದು, ಮದ್ದು ಇಳಿಸಿ, ಜೇಡಿಮಣ್ಣಿನಿಂದ ಗಟ್ಟಿಯಾಗಿ ತುಂಬಬೇಕು. ತೂತು ಪಕ್ಕಕ್ಕೆ ಹೋದರೆ ಸ್ಫೋಟ ಮೆದು ಮಣ್ಣನ್ನು ಹಾರಿಸಿ ಮೋಟನ್ನು ಅಲ್ಲೇ ಬಿಡುತ್ತದೆ, ಮದ್ದಿನ ದುಡ್ಡು ಮಾತ್ರ ಖಾತೆಗೆ ಏರುತ್ತದೆ. ಅದಕ್ಕೆ ಬಹಳ ಜನ ಬೆಂಕಿಯನ್ನೇ ನೆಚ್ಚಿದರು. ಗಾಳಿ ಬೀಸುವ ಕಡೆಯಿಂದ ದಿಮ್ಮಿ ಒಟ್ಟಿ, ಹೊತ್ತಿಸಿ, ಮೇಲೆ ಮಣ್ಣು ಹೊದಿಸಿ ಶಾಖ ಹೊರಹೋಗದಂತೆ ಮಾಡಿ, ಹಗಲೂ ರಾತ್ರಿ ಕೆದಕುತ್ತ ಕೂರುವುದು. ಒಂದು ದೊಡ್ಡ ಮೋಟು ದಿನಗಟ್ಟಲೆ ಉರಿಯುತ್ತಿತ್ತು. ಹಿತ್ತಲಿನ ಬೆಂಕಿ ನೋಡಿಕೊಳ್ಳುವುದು ಹೆಂಗಸರ, ದೊಡ್ಡ ಮಕ್ಕಳ ಪಾಲಿಗೆ ಬರುತ್ತಿತ್ತು.

ಇಷ್ಟು ಒಳ್ಳೆಯ ಮರವನ್ನು ಸುಟ್ಟು ಹಾಕಿದ್ದೇಕೆ ಎಂದು ಕೇಳಬಹುದು. ಭಾರತದ ರೈಲ್ವೆಗೂ ಆ ರಾಜ್ಯದಿಂದ ಸ್ಲೀಪರ್‌ಗಳು ಹೋಗುತ್ತಿದ್ದ ಕಾಲ ಅದು, ಮರಕ್ಕೆ ಬೆಲೆ ಇತ್ತು. ಆದರೆ ಮರದ ಮಿಲ್ಲಿಗೆ ಸಾಗಿಸಲು ಹತ್ತಿರದಲ್ಲಿ ಹಳಿ ಇರಲಿಲ್ಲ. ಮರ ಮಾರಿ ಸಾಲ ತೀರಿಸಬಹುದಾಗಿದ್ದ ಜನ ಸಾಲ ಮಾಡಿ ಮರ ಸುಟ್ಟರು. ಹಳಿ ಮೊದಲು ಹಾಕಿ ಜನರನ್ನು ಆಮೇಲೆ ಕರೆತರಬೇಕಿತ್ತು. ಈ ಇಡೀ ಯೋಜನೆಯಲ್ಲಿ ನನಗೆ ಅತಿ ಹೆಚ್ಚು ನೋವು ಕೊಡುವ ಸಂಗತಿ ಇದು.

ಯೋಜನೆಯ ಬುನಾದಿಯಲ್ಲೇ ಇದ್ದ ನಂಬಿಕೆ ಎಂದರೆ, ಇಷ್ಟು ದೊಡ್ಡ ಮರ ಬೆಳೆದ ನೆಲ ಫಲವತ್ತಾಗಿರಲೇಬೇಕು ಎಂಬುದು. ಇಂಗ್ಲೆಂಡಿನಲ್ಲಿ ಓಕ್ ಮರ ನೋಡಿ ಮಣ್ಣು ಅಳೆದವರ ರೂಢಿ. ಈ ಆಸ್ಟ್ರೇಲಿಯಾದ ಮಣ್ಣು ಕೋಟ್ಯಂತರ ವರ್ಷ ಮಳೆಯಲ್ಲಿ ತೊಳೆದು ಸಾರ ಕಳೆದುಕೊಂಡದ್ದು. ಇಲ್ಲಿನ ಮರಗಳು ಅಂಥ ಬಡ ಮಣ್ಣಿಗೇ ಒಗ್ಗಿದವು. ಆಳಕ್ಕೆ ಬೇರು ಬಿಟ್ಟು, ಉದುರಿದ ಎಲೆ ತೊಗಟೆಯಲ್ಲಿ ಇರುವ ಅಷ್ಟಿಷ್ಟು ಸತ್ವವನ್ನು ಮತ್ತೆ ಮತ್ತೆ ಎಳೆದುಕೊಂಡು ಶತಮಾನಗಳಲ್ಲಿ ಅಷ್ಟೆತ್ತರ ಬೆಳೆಯುತ್ತವೆ. ಸತ್ವ ಇರುವುದು ಮರದಲ್ಲಿ, ನೆಲದಲ್ಲಿ ಬಹಳ ಕಡಿಮೆ.

ಸುಟ್ಟ ಮೊದಲ ವರ್ಷ ಇದು ಯಾರಿಗೂ ಕಾಣುವುದಿಲ್ಲ. ಬೂದಿಯ ಮೇಲೆ ಎರಚಿದ ಬೀಜ ಕಣ್ಣು ತುಂಬುವಂತೆ ಏಳುತ್ತದೆ, ಆಲೂಗಡ್ಡೆ ಮುಷ್ಟಿಗಾತ್ರ ಬರುತ್ತದೆ. ಮಲೆನಾಡಿನ ಕುಮರಿ ಬೇಸಾಯ ಬಲ್ಲವರಿಗೆ ಮುಂದಿನದು ಗೊತ್ತು: ಎರಡನೇ ವರ್ಷಕ್ಕೆ ಇಳುವರಿ ಕುಸಿಯುತ್ತದೆ, ಮೂರನೆಯದಕ್ಕೆ ಜಾಗ ಬಿಡಬೇಕು. ಕುಮರಿಯವರು ಬೇರೆ ಗುಡ್ಡಕ್ಕೆ ಹೋಗುತ್ತಿದ್ದರು. ಈ ಕುಟುಂಬಗಳು ಸಾಲದ ಖಾತೆಯ ಜೊತೆ ಅದೇ 25 ಎಕರೆಗೆ ಕಟ್ಟುಬಿದ್ದಿದ್ದವು. ಮೊದಲ ವರ್ಷದ ಬೂದಿ ಬೆಳೆ ನೋಡಿ ಹೋದ ಅಧಿಕಾರಿಗಳು ನೆಲ ಒಳ್ಳೆಯದೆಂದು ವರದಿ ಬರೆದಿದ್ದರೆ ಅದರಲ್ಲಿ ಆಶ್ಚರ್ಯವೇನಿಲ್ಲ.

ಆ ನೆಲ ಯಾರದ್ದೂ ಅಲ್ಲದ ಬರೀ ಕಾಡೂ ಆಗಿರಲಿಲ್ಲ. ನೂಂಗಾರ್ ಜನ ಸಾವಿರಾರು ವರ್ಷಗಳಿಂದ ಅಲ್ಲಿ ಬದುಕಿದವರು. ಹಂಗಾಮು ನೋಡಿ ಸಣ್ಣ ಸಣ್ಣ ಬೆಂಕಿ ಇಟ್ಟು ತಗ್ಗಿನ ಪೊದೆ ದಟ್ಟವಾಗದಂತೆ ನೋಡಿಕೊಂಡವರು. ಎಲ್ಲಿ ನೀರು ಬತ್ತುವುದಿಲ್ಲ, ಯಾವ ಗಿಡ ವಿಷ ಎಂಬುದು ಅವರಿಗೆ ಗೊತ್ತಿತ್ತು. ಒಪ್ಪಂದಕ್ಕೆ ರುಜು ಹಾಕಿದ ಮೂರು ಸರ್ಕಾರಗಳಲ್ಲಿ ಒಂದೂ ಅವರ ಒಪ್ಪಿಗೆ ಕೇಳಲಿಲ್ಲ, ಅವರ ತಿಳಿವಳಿಕೆಯನ್ನೂ ಕೇಳಲಿಲ್ಲ. ಜ್ಯಾಮಿಯಾ ಎಂಬ, ಈಚಲಿನಂತೆ ಕಾಣುವ ಗಿಡದ ಎಳೆ ಗರಿ ತಿಂದ ಹಸುಗಳ ಹಿಂಗಾಲು ಬಲ ಕಳೆದುಕೊಳ್ಳುತ್ತಿತ್ತು, ವಾಸಿಯಾಗುತ್ತಿರಲಿಲ್ಲ. ಆ ಗಿಡದ ಸುಳಿಯನ್ನೇ ಅಗೆದು ತೆಗೆಯಬೇಕು, ಗರಿ ಸವರಿದರೆ ಎಳೆಯ ಗರಿ ಮತ್ತಷ್ಟು ಬಂದು ಅಪಾಯ ಹೆಚ್ಚುತ್ತದೆ. ಇದನ್ನು ವಲಸೆ ಬಂದವರು ಒಬ್ಬೊಬ್ಬರೂ ತಮ್ಮ ಹಸು ಕಳೆದುಕೊಂಡು ಕಲಿತರು.

ಹುಲ್ಲಿನ ವಿಷಯಕ್ಕೆ ಬಂದರೆ ಹಂಗಾಮೇ ತಿರುಗುಮುರುಗು. ಇಂಗ್ಲೆಂಡಿನಲ್ಲಿ ಬೇಸಿಗೆ ಎಂದರೆ ಹಸಿರು. ಇಲ್ಲಿ ವರ್ಷಕ್ಕೆ 1,000ದಿಂದ 1,400 ಮಿ.ಮೀ. ಮಳೆ ಬೀಳುತ್ತದೆ ನಿಜ, ಆದರೆ ಹೆಚ್ಚಿನದು ಮೇ ತಿಂಗಳಿಂದ ಸೆಪ್ಟೆಂಬರಿನೊಳಗೆ, ಚಳಿಗಾಲದಲ್ಲಿ. ಚಳಿಗೆ ಹುಲ್ಲು ಏಳುವುದಿಲ್ಲ, ನೆಲ ಜವುಗಾಗಿ ಹಸುವಿನ ಗೊರಸು ಹೂತುಹೋಗುತ್ತದೆ. ಆಗಸ್ಟ್ ಕೊನೆಯಿಂದ ನವೆಂಬರ್‌ವರೆಗೆ ಹುಲ್ಲು ಉಕ್ಕುತ್ತದೆ. ಡಿಸೆಂಬರ್ ಬಂತೆಂದರೆ ಎಲ್ಲ ಒಣಗಿ ಹಳದಿ. ಹಸು ಚಳಿಗಾಲದ ಕೊನೆಗೆ ಈಯುವಂತೆ ನೋಡಿಕೊಂಡರೆ ಹಾಲಿನ ಏರು ಹುಲ್ಲಿನ ಏರಿಗೆ ಕೂಡುತ್ತದೆ. ಬೇಸಿಗೆಗೆಂದು ನವೆಂಬರಿನಲ್ಲಿ ಹುಲ್ಲು ಕೊಯ್ದು ಒಣಗಿಸಿ ಬಣವೆ ಹಾಕಬೇಕು. ಅರೆಹಸಿಯಲ್ಲಿ ಬಣವೆ ಹಾಕಿದರೆ ಒಳಗೆ ಕಾವು ಹುಟ್ಟಿ ಬೂಷ್ಟು ಹಿಡಿಯುತ್ತದೆ, ಕೆಲವೊಮ್ಮೆ ಬೆಂಕಿಯೇ ಹತ್ತುತ್ತದೆ. ಇಷ್ಟೆಲ್ಲ ಮಾಡಲು ಹುಲ್ಲುಗಾವಲು ಇರಬೇಕು. ಮೋಟು ತುಂಬಿದ 25 ಎಕರೆಯಲ್ಲಿ ಹುಲ್ಲು ಕೊಯ್ಯುವ ಯಂತ್ರ ಓಡುವುದಿಲ್ಲ, ಕುಡುಗೋಲೇ ಗತಿ.

ಹುಲ್ಲುಗಾವಲಿಗೆ ಕೈಹಿಡಿದದ್ದು ಸಬ್ ಕ್ಲೋವರ್. ದಕ್ಷಿಣ ಆಸ್ಟ್ರೇಲಿಯಾದ ಮೌಂಟ್ ಬಾರ್ಕರ್ ಬಳಿ ಏಮಸ್ ಹೊವರ್ಡ್ ಎಂಬಾತ 1889ರಲ್ಲಿ ಗುರುತಿಸಿ ಹಬ್ಬಿಸಿದ ಮೇವು. ಶೇಂಗಾದ ಹಾಗೆ ಇದೂ ತನ್ನ ಕಾಯನ್ನು ತಾನೇ ಮಣ್ಣಿಗೆ ಇಳಿಸುತ್ತದೆ. ಬೇಸಿಗೆಯಲ್ಲಿ ಗಿಡ ಸತ್ತರೂ ಮೊದಲ ಮಳೆಗೆ ಬೀಜ ಮತ್ತೆ ಏಳುತ್ತದೆ. ಆದರೆ ಸೂಪರ್ ಫಾಸ್ಫೇಟ್ ಇಲ್ಲದೆ ಅದು ಗೇಣುದ್ದ ಏಳುವುದಿಲ್ಲ. ಎಕರೆಗೆ ಒಂದು ಹಂಡ್ರೆಡ್‌ವೇಟ್, ಅಂದರೆ ಸುಮಾರು 51 ಕಿಲೋ, ಪ್ರತಿ ವರ್ಷ ಹಾಕಬೇಕು. ಹೊಸ ನೆಲಕ್ಕೆ ಇನ್ನೂ ಹೆಚ್ಚು. ಗಾಡಿ ದಾರಿಯಲ್ಲಿ ಗೊಬ್ಬರ ಬರಬೇಕು, ಅದೂ ಖಾತೆಗೆ.

ಕೆನೆಯ ಕೆಲಸ ದಿನಕ್ಕೆರಡು ಸಲ. ಬೆಳಗಿನ ಜಾವ ಕೈಯಲ್ಲೇ ಹಾಲು ಕರೆದು, ಬಿಸಿ ಆರುವ ಮೊದಲೇ ಸೆಪರೇಟರ್ ಎಂಬ, ಕೆನೆ ಬೇರೆ ಮಾಡುವ ಕೈಯಂತ್ರಕ್ಕೆ ಸುರಿಯಬೇಕು. ಆರಿದ ಹಾಲಿನಲ್ಲಿ ಕೊಬ್ಬು ಸರಿಯಾಗಿ ಬೇರೆಯಾಗದೆ ಹಂದಿಯ ಬಾನಿಗೆ ಹೋಗುತ್ತದೆ. ಹಿಡಿಯನ್ನು ನಿಮಿಷಕ್ಕೆ ಸುಮಾರು 60 ಸುತ್ತಿನಂತೆ ಒಂದೇ ಹದದಲ್ಲಿ ತಿರುಗಿಸಬೇಕು. ವೇಗ ಸಾಲದಿದ್ದರೆ ಹಿಡಿಯಲ್ಲಿರುವ ಗಂಟೆ ಬಾರಿಸಿ ಎಚ್ಚರಿಸುವ ಯಂತ್ರಗಳಿದ್ದವು. ಆಮೇಲೆ ಬಟ್ಟಲೊಳಗಿನ ತಗಡಿನ ಬಿಲ್ಲೆಗಳನ್ನೆಲ್ಲ ಬಿಚ್ಚಿ ಒಂದೊಂದಾಗಿ ಬಿಸಿನೀರಿನಲ್ಲಿ ತೊಳೆದು ಒಣಗಿಸಬೇಕು. ಸಂಜೆ ಮತ್ತೆ ಅದೇ. ಒಂದು ಹೊತ್ತು ತೊಳೆಯದೆ ಬಿಟ್ಟರೆ ಕೆನೆಗೆ ವಾಸನೆ. ಕೆನೆಯ ಡಬ್ಬಿ ದಾರಿಬದಿಯಲ್ಲಿ ಗಾಡಿಗಾಗಿ ಕಾಯುತ್ತಿತ್ತು, ಗಾಡಿ ಬರುವುದು ವಾರಕ್ಕೆ ಎರಡು ಮೂರು ಸಲ. ಬೇಸಿಗೆಯಲ್ಲಿ ಅಷ್ಟರೊಳಗೆ ಹುಳಿ. ಬೆಣ್ಣೆ ಕಾರ್ಖಾನೆಯಲ್ಲಿ ದರ್ಜೆ ಇಳಿಸುತ್ತಿದ್ದರು, ದರ್ಜೆ ಇಳಿದರೆ ಬೆಲೆ ಇಳಿಯಿತು. ಕೆಟ್ಟ ದಾರಿಯ ದಂಡವನ್ನು ಕಟ್ಟುತ್ತಿದ್ದುದು ಕುಟುಂಬ.

ಲೆಕ್ಕವನ್ನು ಒಮ್ಮೆ ಊಹೆಯ ಅಂಕಿಗಳಲ್ಲಿ ಮಾಡಿ ನೋಡೋಣ. ಹತ್ತು ಹಸು, ಒಂದೊಂದರಿಂದ ವರ್ಷಕ್ಕೆ 150 ಪೌಂಡ್ ತೂಕದ ಬೆಣ್ಣೆಕೊಬ್ಬು, ಪೌಂಡಿಗೆ ಒಂದೂವರೆ ಶಿಲ್ಲಿಂಗ್ ಎಂದು ಹಿಡಿಯಿರಿ. ಒಟ್ಟು 2,250 ಶಿಲ್ಲಿಂಗ್, ಅಂದರೆ 112 ಪೌಂಡು ಚಿಲ್ಲರೆ. ಖಾತೆಯಲ್ಲಿ 1,500 ಪೌಂಡು ಸಾಲವಿದ್ದು ಬಡ್ಡಿ ನೂರಕ್ಕೆ ಆರು ಎಂದಾದರೆ ಬಡ್ಡಿಯೇ 90. ಉಳಿದ 22 ಪೌಂಡಿನಲ್ಲಿ ಗೊಬ್ಬರ ಕೊಂಡು ವರ್ಷವಿಡೀ ಮಕ್ಕಳಿಗೆ ಊಟ ಹಾಕಬೇಕು. ಕಾಡು ಕಡಿಯುವಾಗ ಸಿಗುತ್ತಿದ್ದದ್ದು ವರ್ಷಕ್ಕೆ 156. ಜೀವನಾಂಶ ನಿಂತು ಹಸುವನ್ನೇ ನಂಬಿ ಬದುಕಬೇಕಾದ ದಿನ ಏನಾಗುತ್ತದೆಂದು ಈ ನಾಲ್ಕು ಸಾಲಿನಲ್ಲೇ ಕಾಣುತ್ತದೆ. 20–25 ಹಸುಗಳಿದ್ದರೆ ಹೇಗೋ ತೂಗುತ್ತದೆ. 25 ಎಕರೆಯ ಅರೆಬರೆ ಹುಲ್ಲು ಅಷ್ಟು ಹಸುಗಳನ್ನು ಸಾಕುವುದಿಲ್ಲ.

ಇಷ್ಟರ ಮೇಲೆ ಡೆನ್ಮಾರ್ಕ್ ಸುತ್ತಮುತ್ತ ಹಸುಗಳು ಹುಲ್ಲಿನ ನಡುವೆ ನಿಂತು ಬಡಕಲಾಗತೊಡಗಿದವು. ಮೊಣಕಾಲೆತ್ತರ ಹಸಿರಿದೆ, ಹಸು ಮೂಸಿ ನೋಡಿ ಬಿಡುತ್ತದೆ. ಕೂದಲು ಒರಟಾಗಿ, ಕಣ್ಣಲ್ಲಿ ನೀರು ಸುರಿದು, ರಕ್ತ ತೆಳುವಾಗಿ, ಕೆಲವು ತಿಂಗಳಲ್ಲಿ ಸಾಯುತ್ತದೆ. ಕರುಗಳಿಗೆ ಇನ್ನೂ ಬೇಗ. ಇದಕ್ಕೆ ಡೆನ್ಮಾರ್ಕ್ ಸೊರಗು ರೋಗವೆಂದೇ ಹೆಸರಾಯಿತು. ಲಂಡನ್ನಿನಿಂದ ಬಂದವನ ಹಸು ಸತ್ತರೆ ಜನ ಏನೆನ್ನುತ್ತಾರೆ? ಸಾಕಲು ಬರುವುದಿಲ್ಲ ಎನ್ನುತ್ತಾರೆ. ಅದೇ ಹಸುವನ್ನು ಬೇರೆ ಸೀಮೆಗೆ ಹೊಡೆದುಕೊಂಡು ಹೋದರೆ ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಿತ್ತು. ದೋಷ ಸಾಕುವ ಕೈಯಲ್ಲಿ ಇಲ್ಲ ಎಂಬುದಕ್ಕೆ ಅಷ್ಟೇ ಸಾಕ್ಷಿ ಸಾಕಿತ್ತು.

ಕಾರಣ ಹುಡುಕಿದವರು ಜಾನ್ ಫಿಲ್ಮರ್ ಎಂಬ ಪಶುವೈದ್ಯ ಮತ್ತು ಎರಿಕ್ ಅಂಡರ್‌ವುಡ್ ಎಂಬ ಕೃಷಿ ವಿಜ್ಞಾನಿ. ಅಂಡರ್‌ವುಡ್ ಕೂಡ ಲಂಡನ್ನಿನಲ್ಲಿ ಹುಟ್ಟಿ ಬಾಲ್ಯದಲ್ಲೇ ಪಶ್ಚಿಮ ಆಸ್ಟ್ರೇಲಿಯಾಕ್ಕೆ ಬಂದವರು. ನ್ಯೂಜಿಲೆಂಡಿನಲ್ಲಿ ಇಂಥದೇ ರೋಗಕ್ಕೆ ಲಿಮೊನೈಟ್ ಎಂಬ ಕಬ್ಬಿಣದ ಅದಿರಿನ ಪುಡಿ ತಿನ್ನಿಸುತ್ತಿದ್ದರು, ಕಬ್ಬಿಣದ ಕೊರತೆ ಎಂದು ನಂಬಿದ್ದರು. ಇಲ್ಲಿಯೂ ಆ ಪುಡಿ ಫಲ ಕೊಟ್ಟಿತು. ಆದರೆ ಬಹಳ ಹೆಚ್ಚು ತಿನ್ನಿಸಿದರೆ ಮಾತ್ರ. ಶುದ್ಧ ಕಬ್ಬಿಣದ ಲವಣಗಳು ಹಾಗೆ ಕೆಲಸ ಮಾಡಲಿಲ್ಲ. ಹಾಗಾದರೆ ಪುಡಿಯಲ್ಲಿ ಬೇರೇನೋ ಇದೆ ಎಂದು ಅವರು ಅದಿರಿನಿಂದ ಕಬ್ಬಿಣವನ್ನು ತೆಗೆದುಹಾಕಿ ಉಳಿದದ್ದನ್ನು ಕೊಟ್ಟು ನೋಡಿದರು. ಪ್ರಾಣಿಗಳು ಚೇತರಿಸಿಕೊಂಡವು. ಉಳಿದದ್ದರಲ್ಲಿದ್ದ ಧಾತುಗಳನ್ನು ಒಂದೊಂದಾಗಿ ಪರೀಕ್ಷಿಸುತ್ತ ಹೋಗಿ 1935ರಲ್ಲಿ ಕೋಬಾಲ್ಟ್‌ಗೆ ಬಂದು ನಿಂತರು. ಅದೇ ಹೊತ್ತಿಗೆ ದಕ್ಷಿಣ ಆಸ್ಟ್ರೇಲಿಯಾದ ವಿಜ್ಞಾನಿಗಳೂ ಕುರಿಗಳಲ್ಲಿ ಇದನ್ನೇ ಕಂಡುಕೊಂಡರು.

ಮೇವಿನ ಹತ್ತು ಲಕ್ಷ ಭಾಗದಲ್ಲಿ ಹತ್ತನೇ ಒಂದು ಭಾಗದಷ್ಟು ಕೋಬಾಲ್ಟ್ ಇದ್ದರೆ ಸಾಕು. ಹಸುವಿನ ದೊಡ್ಡ ಹೊಟ್ಟೆಯ ಸೂಕ್ಷ್ಮಜೀವಿಗಳು ಅದರಿಂದ ಬಿ12 ಜೀವಸತ್ವ ತಯಾರಿಸುತ್ತವೆ. ಆ ಜೀವಸತ್ವವನ್ನು ಬೇರ್ಪಡಿಸಿದ್ದೇ 1948ರಲ್ಲಿ. ಹುಲ್ಲು ಮಾತ್ರ ಕೋಬಾಲ್ಟ್ ಕಡಿಮೆಯಿದ್ದರೂ ಹಸಿರಾಗೇ ಬೆಳೆಯುತ್ತದೆ. ಹಾಗಾಗಿ ನೋಡಿ ತಿಳಿಯುವ ದಾರಿ ಇರಲಿಲ್ಲ, ಲಂಡನ್ನಿನವನಿಗೂ ಇಲ್ಲ, ಹುಟ್ಟಾ ರೈತನಿಗೂ ಇಲ್ಲ. ತಾಮ್ರದ ಕೊರತೆಯದು ಇನ್ನೊಂದು ಕತೆ. ಚೆನ್ನಾಗಿ ಮೇಯುತ್ತಿದ್ದ ಹಸು ಹಠಾತ್ತನೆ ಬಿದ್ದು ಸಾಯುತ್ತಿತ್ತು. ಹೆರಾಲ್ಡ್ ಬೆನೆಟ್ಸ್ ಎಂಬ ಪಶುವೈದ್ಯ ವಿಜ್ಞಾನಿ ಅದರ ಮೂಲ ತೋರಿಸಿದರು. ಮದ್ದು ಎಂದರೆ ಎಕರೆಗೆ ಕೆಲವೇ ಪೌಂಡ್ ತೂಕದ ಮೈಲುತುತ್ತ, ನಮ್ಮ ಅಡಿಕೆ ತೋಟಗಳಲ್ಲಿ ಸುಣ್ಣದ ಜೊತೆ ಸಿಂಪಡಿಸುವ ಅದೇ ಪುಡಿ, ಗೊಬ್ಬರದ ಜೊತೆ ಬೆರೆಸಿ ಎರಚಿದರೆ ವರ್ಷಗಟ್ಟಲೆ ಸಾಕು.

ಈ ತಿಳಿವಳಿಕೆ ಬರುವ ಹೊತ್ತಿಗೆ ತಡವಾಗಿತ್ತು. 1924ರಲ್ಲಿ ಅಧಿಕಾರಕ್ಕೆ ಬಂದ ಫಿಲಿಪ್ ಕಾಲಿಯರ್ ಸರ್ಕಾರ ತನಿಖಾ ಆಯೋಗ ನೇಮಿಸಿತು, ಹಲವು ಜಮೀನುಗಳ ಸಾಲ ಇಳಿಸಲಾಯಿತು, ಗುಂಪುಗಳನ್ನು ಒಂದಕ್ಕೊಂದು ಸೇರಿಸಲಾಯಿತು. 1929ರ ನಂತರ ಜಗತ್ತಿನೆಲ್ಲೆಡೆ ಬೆಣ್ಣೆಯ ಬೆಲೆ ಬಿತ್ತು. ಮಿಚೆಲ್ 1930ರಲ್ಲಿ ಮತ್ತೆ ಪ್ರೀಮಿಯರ್ ಆಗಿ 1933ರ ಚುನಾವಣೆಯಲ್ಲಿ ತನ್ನ ಕ್ಷೇತ್ರವನ್ನೇ ಕಳೆದುಕೊಂಡ. ಕುಟುಂಬಗಳು ಒಂದೊಂದಾಗಿ ಪರ್ತ್ ಕಡೆಗೆ, ಮಿಲ್ಲುಗಳ ಕಡೆಗೆ ಹೊರಟವು. ಕೆಲವು ಜಾಗಗಳಲ್ಲಿ ಕರ್ರಿ ಮತ್ತೆ ಎದ್ದು ಸರ್ಕಾರಿ ಕಾಡಾಯಿತು. ಮಾರ್ಗರೆಟ್ ರಿವರ್ ಕಡೆಯ ಜಮೀನುಗಳ ನಡುವೆ 1967ರಿಂದ ದ್ರಾಕ್ಷಿ ತೋಟಗಳು ಶುರುವಾದವು. ಜಾನ್ ಗ್ಲ್ಯಾಡ್‌ಸ್ಟೋನ್ಸ್ ಎಂಬ ಕೃಷಿ ವಿಜ್ಞಾನಿ ಹವೆ, ಮಣ್ಣು ಅಳೆದು ಬರೆದ ಮೇಲೆ ಬಂದ ತೋಟಗಳು ಅವು. ಅಲ್ಲಿ ಅಳತೆ ಮೊದಲು ಬಂತು, ಗಿಡ ಆಮೇಲೆ.

ಉಳಿದುಕೊಂಡ ಕುಟುಂಬಗಳೂ ಇದ್ದವು. ಅವರು ಉಳಿದ ಬಗೆಯಲ್ಲಿ ಗುಟ್ಟೇನೂ ಇಲ್ಲ. ಬಿಟ್ಟು ಹೋದ ನೆರೆಯವರ ಜಾಗ ಸೇರಿಸಿಕೊಂಡು ಜಮೀನು ಎರಡು ಮೂರು ಪಟ್ಟಾಯಿತು, ಹಸುಗಳ ಸಂಖ್ಯೆ ಬಡ್ಡಿಯನ್ನು ಮೀರಿತು, ಗೊಬ್ಬರದ ಚೀಲದಲ್ಲಿ ತಾಮ್ರವೂ ಸತುವೂ ಬರತೊಡಗಿದವು, ಸೊರಗಿದ ಹಸುವಿಗೆ ಕೋಬಾಲ್ಟ್ ಸಿಕ್ಕಿತು, ಕೆನೆ ಹುಳಿಯಾಗುವ ಮೊದಲೇ ಒಯ್ಯುವ ರಸ್ತೆಯಾಯಿತು. ಗರಗಸ ಹಿಡಿಯಲು ಬಾರದೆ ಬಂದವರೇ ಅವರೂ. ಸಾಲದ ಪುಸ್ತಕದ ಅಂಕಿಯನ್ನು ಜಮೀನು ನಿಜಕ್ಕೂ ಕೊಡಬಲ್ಲಷ್ಟಕ್ಕೆ ಇಳಿಸಿದ ಮೇಲೆ ಅವರು ಹೈನುಗಾರರಾಗಿಯೇ ಅಲ್ಲಿ ನೆಲೆಯೂರಿದರು.